ಕೇಳುಗನ ಪಾಲು ಎಷ್ಟು?

ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಾತ್ರಗಳ ಮಾತಾಡುವ ಅರ್ಥಧಾರಿಗಳು ಪಂಚೆ ಉಟ್ಟು ಶಾಲು ಹೊದ್ದು ಎದುರುಬದುರು ಕುಳಿತಿರುತ್ತಾರೆ. ಹಾಡುವ ಭಾಗವತರ ಪದ ಮುಗಿದು ಮದ್ದಳೆ ನಿಂತಿತೆಂದರೆ ಒಬ್ಬರು ಕೃಷ್ಣ, ಇನ್ನೊಬ್ಬರು ಕೌರವ. ಅವರಿಗೆ ಕಿರೀಟ ತೊಡಿಸುವುದು, ಹಸ್ತಿನಾವತಿಯ ಸಭೆ ಕಟ್ಟುವುದು ಮಾತ್ರ ಕೇಳುಗರ ಕೆಲಸ.

ಮಾಧ್ಯಮಗಳು ಕೇಳುಗನಿಂದ ಎಷ್ಟು ಕೆಲಸ ಬೇಡುತ್ತವೆ ಎಂಬ ಪ್ರಶ್ನೆಯನ್ನು ಜಗತ್ತಿನ ಚರ್ಚೆಗೆ ತಂದವರು ಕೆನಡಾದ ಮಾಧ್ಯಮ ಚಿಂತಕ ಮಾರ್ಷಲ್ ಮೆಕ್ಲುಹಾನ್. 1964ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರು ಮಾಧ್ಯಮಗಳನ್ನು ‘ಬಿಸಿ’, ‘ತಂಪು’ ಎಂದು ವಿಂಗಡಿಸಿದರು. ಒಂದೇ ಇಂದ್ರಿಯಕ್ಕೆ ವಿವರಗಳನ್ನು ತುಂಬಿ ಕೊಡುವುದು ಬಿಸಿ. ಸ್ವಲ್ಪವೇ ಕೊಟ್ಟು ಮಿಕ್ಕದ್ದನ್ನು ನಮಗೆ ಬಿಡುವುದು ತಂಪು. ಛಾಯಾಚಿತ್ರ, ಸಿನಿಮಾ ಬಿಸಿ. ವ್ಯಂಗ್ಯಚಿತ್ರ, ದೂರವಾಣಿ ತಂಪು. ಟಿ.ವಿ.ಯೂ ತಂಪಿನ ಸಾಲಿಗೇ ಸೇರಿತು. ಇದು ಇಂದು ವಿಚಿತ್ರವೆನಿಸಬಹುದು. ಆದರೆ ಅಂದಿನ ಪರದೆ ಚಿಕ್ಕದು, ಚಿತ್ರ ಮಸುಕು. ಚುಕ್ಕಿಗಳನ್ನು ಕೂಡಿಸಿ ಮುಖ ಮಾಡಿಕೊಳ್ಳುವ ದುಡಿಮೆ ನೋಡುಗನ ಕಣ್ಣಿನದಾಗಿತ್ತು.

ರೇಡಿಯೊವನ್ನು ಬಿಸಿ ಎಂದದ್ದನ್ನು ಮಾತ್ರ ನಾನು ಒಪ್ಪಲಾರೆ. ಹಿಟ್ಲರನ ಭಾಷಣಗಳು ರೇಡಿಯೊ ಮೂಲಕ ಜನರನ್ನು ಕೆರಳಿಸಿದ್ದು ಮೆಕ್ಲುಹಾನ್ ಅವರ ಮನಸ್ಸಿನಲ್ಲಿತ್ತು, ನಿಜ. ನಮ್ಮ ರೇಡಿಯೊದ ಹುಟ್ಟೇ ಬೇರೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಅಲ್ಲಿಂದ. ಮುಂದೆ ಮನೆಮನೆಗೆ ಬಂದ ಬಾನುಲಿ ನಾಟಕದಲ್ಲಿ ಬಾಗಿಲು ಕಿರುಗುಟ್ಟುತ್ತದೆ, ಯಾರೋ ಕೆಮ್ಮುತ್ತಾರೆ. ಅಷ್ಟಕ್ಕೇ ಕೇಳುಗನ ಮನಸ್ಸಿನಲ್ಲಿ ಹಜಾರವೊಂದು ಎದ್ದು ನಿಲ್ಲುತ್ತದೆ, ಬಾಗಿಲಲ್ಲಿ ಮುದುಕರೊಬ್ಬರು ಕಾಣುತ್ತಾರೆ. ಪಕ್ಕದ ಮನೆಯವರಿಗೆ ಕಂಡ ಮುದುಕರು ಬೇರೆ. ಇದಕ್ಕಿಂತ ದೊಡ್ಡ ಪಾಲುಗಾರಿಕೆ ಯಾವುದು?

ಭಾರತದಲ್ಲಿ ಟಿ.ವಿ.ಗೆ ಬಣ್ಣ ಬಂದದ್ದು 1982ರಲ್ಲಿ. ಐದು ವರ್ಷದ ಬಳಿಕ ‘ರಾಮಾಯಣ’ ಧಾರಾವಾಹಿ ಬಂದಾಗ ಜನ ಸ್ನಾನ ಮಾಡಿ, ಟಿ.ವಿ. ಪೆಟ್ಟಿಗೆಗೆ ಹಾರ ಹಾಕಿ ಕುಳಿತರು. ರಾಮನ ಮುಖವನ್ನು ಪರದೆಯೇ ಕೊಟ್ಟಿತ್ತು. ಭಕ್ತಿಯನ್ನು ನೋಡುಗರು ತಂದರು. ಚಿತ್ರದ ಸ್ಪಷ್ಟತೆಯೊಂದನ್ನೇ ಅಳತೆಗೋಲು ಮಾಡಿಕೊಂಡರೆ ಈ ಭಕ್ತಿ ಲೆಕ್ಕಕ್ಕೆ ಸಿಗುವುದಿಲ್ಲ.

ಕೊರೊನಾ ಕಾಲದಲ್ಲಿ ತಾಳಮದ್ದಳೆಯೂ ಮೊಬೈಲಿಗೆ ಬಂತು. ಕೇಳುಗರಿಗೆ ಹೆಚ್ಚೇನೂ ಕಡಿಮೆಯಾಗಲಿಲ್ಲ. ಕಿರೀಟವನ್ನು ಆಗಲೂ ಅವರೇ ತೊಡಿಸಿದರು. ಕಳೆದುಕೊಂಡವರು ಅರ್ಥಧಾರಿಗಳು. ಅವರ ಮಾತು ಬರೆದಿಟ್ಟದ್ದಲ್ಲ, ಅಲ್ಲಿಯೇ ಹುಟ್ಟುವಂಥದ್ದು. ಮುಂದಿನ ಸಾಲಿನವರು ತಲೆದೂಗಿದರೆ ವಾದ ಇನ್ನಷ್ಟು ಬೆಳೆಯುತ್ತದೆ, ಆಕಳಿಸಿದರೆ ಸಂಧಾನ ಬೇಗ ಮುಗಿಯುತ್ತದೆ. ಕ್ಯಾಮೆರಾ ತಲೆದೂಗುವುದಿಲ್ಲ.