ಟಿಆರ್6ರ ಬಾಗಿಲು ಯಾಕೆ ಸರಿಯಾಗಿ ಕೂರುವುದಿಲ್ಲ?

ಹಳೆಯ ಟ್ರಯಂಫ್ ಟಿಆರ್6 ಕಾರನ್ನು ಪೂರ್ತಿ ಬಿಚ್ಚಿ, ತುಕ್ಕು ತೆಗೆದು ಮತ್ತೆ ಜೋಡಿಸುವವರನ್ನು ಜಾಸ್ತಿ ಕಾಡುವುದು ಎಂಜಿನ್ ಅಲ್ಲ, ಬಾಗಿಲು. ಮೊದಲು ಚೆನ್ನಾಗಿ ಮುಚ್ಚುತ್ತಿದ್ದ ಬಾಗಿಲೇ ಈಗ ಮೇಲ್ಗಡೆ ಪಕ್ಕದ ಬಾಡಿ ಕಂಬಕ್ಕೆ ತಾಗುತ್ತದೆ, ಕೆಳಗಡೆ ಬೆರಳು ತೂರುವಷ್ಟು ಸಂದಿ. ಅಂಚನ್ನು ಸ್ವಲ್ಪ ಉಜ್ಜಿದರೆ ಆಯ್ತಲ್ವಾ ಅನ್ನಿಸುತ್ತದೆ. ದಯವಿಟ್ಟು ಬೇಡ. ಸಾಮಾನ್ಯವಾಗಿ ತೊಂದರೆ ಇರುವುದು ಬಾಗಿಲಲ್ಲಲ್ಲ, ಅದರ ಕೆಳಗೆ.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1976ರವರೆಗೆ ತಯಾರಾದ ಈ ಕಾರಿನಲ್ಲಿ ಚಾಸಿ, ಅಂದರೆ ಎಂಜಿನ್ ಮತ್ತು ಚಕ್ರಗಳು ಸೇರುವ ಕೆಳಗಿನ ಚೌಕಟ್ಟು ಬೇರೆ, ಬಾಡಿ ಬೇರೆ. ಚಾಸಿ ಮೇಲೆ ಬಾಡಿಯನ್ನು ಕೂರಿಸಿ ಬೋಲ್ಟ್ ಬಿಗಿಯುತ್ತಾರೆ. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಇದೇ ಜಾತಿ.

ಟಿಆರ್6ಗೆ ಬಾಡಿಗೇ ಬೆಸೆದ ಗಟ್ಟಿ ಛಾವಣಿ ಇಲ್ಲ. ಮುಚ್ಚಳ ತೆಗೆದ ಚಪ್ಪಲಿ ಡಬ್ಬವನ್ನು ತಿರುಚಿ ನೋಡಿ, ಎಷ್ಟು ಸಲೀಸಾಗಿ ಸೊಟ್ಟಗಾಗುತ್ತದೆ! ಬಾಡಿಯ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಹಿಡಿದಿರುವುದು ನೆಲದ ತಗಡು ಮತ್ತು ಸಿಲ್‌ಗಳು, ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಟೊಳ್ಳು ತೊಲೆಗಳು. ತುಕ್ಕು ಮೊದಲು ತಿನ್ನುವುದೂ ಈ ಸಿಲ್‌ಗಳನ್ನೇ. ಅವನ್ನು ಹಾಗೇ ಕತ್ತರಿಸಿ ತೆಗೆದರೆ ಬಾಡಿ ನಡುವೆ ಜಗ್ಗುತ್ತದೆ, ಬಾಗಿಲ ಜಾಗ ಮೇಲ್ಗಡೆ ಕಿರಿದಾಗುತ್ತದೆ. ಹಾಗಾಗಿ ಬಲ್ಲವರು ಕತ್ತರಿಸುವ ಮುಂಚೆಯೇ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಅಡ್ಡಪೈಪು ಬೆಸೆಯುತ್ತಾರೆ.

ಬಾಡಿ ಇಡುವ ಮೊದಲು ಚಾಸಿ ನೇರ ಇದೆಯಾ ನೋಡಬೇಕು. ಗಾರೆ ಕೆಲಸದವರು ಬಳಸುವ ತೂಕದ ಗುಂಡು ಸಾಕು. ಚಾಸಿಯ ಎಡ ಬಲ ತೂತುಗಳಿಂದ ಅದನ್ನು ಇಳಿಬಿಟ್ಟು, ಮುಟ್ಟಿದಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎರಡೂ ಅಳತೆ ಒಂದೇ ಬರದಿದ್ದರೆ ಚಾಸಿ ಓರೆಯಾಗಿದೆ. ಅದನ್ನು ಬಿಟ್ಟು ಬಾಡಿಯ ಜೊತೆ ಗುದ್ದಾಡಿ ಪ್ರಯೋಜನವಿಲ್ಲ.

ಇನ್ನು ನನಗೆ ತುಂಬ ಇಷ್ಟವಾದ ಭಾಗ, ಶಿಮ್. ಬಾಡಿಗೂ ಚಾಸಿಗೂ ನಡುವೆ ಬೋಲ್ಟಿನ ಹತ್ತಿರ ತೂರಿಸುವ ತೆಳ್ಳನೆ ತಗಡಿನ ತುಂಡು ಇದು. ಬಾಡಿಯ ಹಿಂದಿನ ಅರ್ಧ ಕೂರುವ ಎರಡು ಬೋಲ್ಟುಗಳ ನಡುವೆ 1 ಮೀಟರ್ ಇದೆ ಅಂದುಕೊಳ್ಳಿ. ಬಾಗಿಲ ಕಂಬದ ಹತ್ತಿರದ ಬೋಲ್ಟಿನ ಕೆಳಗೆ 2 ಮಿ.ಮೀ. ಶಿಮ್ ಹಾಕಿದರೆ ಹಿಂದಿನ ಅರ್ಧ ಮೀಟರಿಗೆ 2 ಮಿ.ಮೀ. ಲೆಕ್ಕದಲ್ಲಿ ಹಿಂದಕ್ಕೆ ವಾಲುತ್ತದೆ. 50 ಸೆಂ.ಮೀ. ಎತ್ತರದ ಕಂಬದ ತುದಿ 1 ಮಿ.ಮೀ. ಹಿಂದೆ ಸರಿಯುತ್ತದೆ. ಮೇಲಿನ ಸಂದಿ 3 ಮಿ.ಮೀ. ಇದ್ದದ್ದು 4 ಆಗುತ್ತದೆ, ಕೆಳಗಿನದು ಹೆಚ್ಚುಕಮ್ಮಿ ಹಾಗೇ ಉಳಿಯುತ್ತದೆ. ಜೊತೆಗೆ ಕಂಬವೂ 2 ಮಿ.ಮೀ. ಮೇಲೇರುವುದರಿಂದ ಬಾಗಿಲನ್ನೂ ಲಾಕನ್ನೂ ಮತ್ತೆ ಹೊಂದಿಸಬೇಕು. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುತ್ತದೆ. ಅದಕ್ಕೇ ಎಲ್ಲ ಬೋಲ್ಟುಗಳನ್ನೂ ಸಡಿಲ ಬಿಟ್ಟುಕೊಂಡೇ ಈ ಕೆಲಸ ಶುರು ಮಾಡಬೇಕು.

ಹಿಂದಿನಿಂದ ಮುಂದಕ್ಕೆ ಬರುವುದು ಒಳ್ಳೆಯದು. ಮೊದಲು ಹಿಂದಿನ ಕಂಬ, ಅದಕ್ಕೆ ತಕ್ಕಂತೆ ಬಾಗಿಲು, ಬಾಗಿಲಿಗೆ ತಕ್ಕಂತೆ ಮುಂದಿನ ಮಡ್‌ಗಾರ್ಡ್, ಕೊನೆಗೆ ಬಾನೆಟ್. ಬಾಗಿಲ ರಬ್ಬರನ್ನೂ ಮೊದಲೇ ಹಾಕಿ ನೋಡಿ, ಹೊಸ ರಬ್ಬರು ಬಾಗಿಲನ್ನು ಹೊರಗೆ ತಳ್ಳುತ್ತದೆ. ಕಾರು ತನ್ನ ಚಕ್ರದ ಮೇಲೆಯೇ ನಿಂತಿರಲಿ. 2.5 ಲೀಟರಿನ ಆರು ಸಿಲಿಂಡರ್ ಎಂಜಿನ್ ಕೂತ ಮೇಲೆ ಚಾಸಿ ಬಾಗುವ ರೀತಿಯೇ ಬೇರೆ. ಬರೀ ಚಾಸಿ ಮೇಲೆ ಹೊಂದಿಸಿದ ಸಂದಿ ಆಮೇಲೆ ಉಳಿಯುತ್ತದೆ ಅನ್ನುವ ಹಾಗಿಲ್ಲ. ಬಣ್ಣ ಹೊಡೆಯುವುದು ಇದೆಲ್ಲ ಮುಗಿದ ಮೇಲೆ.