ಪದ ಪರಿಚಯ: ಬಯೋಡೀಸೆಲ್ ಅಂದರೆ ಬರೀ ಎಣ್ಣೆ ಅಲ್ಲ

ಬೀಳಗಿ ಹತ್ತಿರ ನಮ್ಮ ಕಾಕಾರ ಹೊಲದಲ್ಲಿ ಒಂದು ಹಳೇ ಡೀಸೆಲ್ ಎಂಜಿನ್ ಇತ್ತು. ಡೀಸೆಲ್ ತುಟ್ಟಿಯಾಯಿತೆಂದು ಒಂದು ಸಲ ಅವರು ಗಾಣದಿಂದ ಹೊಂಗೆ ಎಣ್ಣೆ ತಂದು ಸೀದಾ ಟಾಕಿಗೆ ಸುರಿದರು. ನಮ್ಮ ಕಡೆ ಹೊಂಗೆಗೆ ಹುಲಗಲ ಅಂತಾರೆ. ಕೆಲವು ದಿನ ಎಂಜಿನ್ ಓಡಿತು, ಹೊಗೆ ಮಾತ್ರ ಜಾಸ್ತಿ. ಆಮೇಲೆ ಒಂದು ಚಳಿಯ ಬೆಳಿಗ್ಗೆ ಹ್ಯಾಂಡಲ್ ತಿರುವಿ ತಿರುವಿ ಭುಜ ನೋವು ಬಂತೇ ಹೊರತು ಎಂಜಿನ್ ಚಾಲೂ ಆಗಲಿಲ್ಲ. ಮಿಸ್ತ್ರಿ ನಾಝಲ್ ಬಿಚ್ಚಿದ. ತುದಿಯಲ್ಲಿ ಕರಿ ಗಟ್ಟಿಯಾಗಿ ಕೂತಿತ್ತು. “ಎಣ್ಣಿ ಹಾಕಿ ಹಚ್ಚಾಕ ಇದೇನ್ ದೀಪ ಏನ್ರೀ ಕಾಕಾ?” ಅಂದ.

ಕಾಕಾ ಇವತ್ತಿಗೂ “ನಾ ಬಯೋಡೀಸೆಲ್ ಹಾಕಿದ್ದೆ” ಅಂತಲೇ ಹೇಳುತ್ತಾರೆ. ಹಾಕಿದ್ದು ಎಣ್ಣೆ.

ಹೊಂಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ನಾಝಲ್‌ನ ಸಣ್ಣ ತೂತಿನಿಂದ ಅದು ಮಂಜಿನ ಹಾಗೆ ಸಿಡಿಯುವುದಿಲ್ಲ, ಹನಿ ಹನಿಯಾಗಿ ಬೀಳುತ್ತದೆ. ಹನಿ ಪೂರ್ತಿ ಉರಿಯದೆ ಕರಿ ಕಟ್ಟುತ್ತದೆ. ಇದಕ್ಕೆ ದಾರಿ ಎರಡು: ಎಣ್ಣೆಯನ್ನು ಬದಲಿಸಬೇಕು, ಇಲ್ಲವೇ ಎಂಜಿನ್ನನ್ನು. ಎಣ್ಣೆಯನ್ನು ಬದಲಿಸಿದಾಗ ಸಿಗುವುದೇ ಬಯೋಡೀಸೆಲ್.

ಬದಲಿಸುವುದು ಹೇಗೆ? ಎಣ್ಣೆಯ ಒಂದೊಂದು ಕಣವೂ ಒಂದು ಗೂಟಕ್ಕೆ ಮೂರು ಉದ್ದನೆಯ ಹಗ್ಗ ಕಟ್ಟಿದ ಹಾಗೆ ಇರುತ್ತದೆ. ಗೂಟ ಅಂದರೆ ಗ್ಲಿಸರಿನ್. ಮೆಥನಾಲ್ ಅನ್ನುವ ಒಂದು ಬಗೆಯ ಮದ್ಯಸಾರ ಬಂದು ಹಗ್ಗಗಳನ್ನು ಗೂಟದಿಂದ ಬಿಚ್ಚುತ್ತದೆ, ಒಂದೊಂದಕ್ಕೂ ತಾನೇ ಅಂಟಿಕೊಳ್ಳುತ್ತದೆ. ಬಿಡಿಬಿಡಿಯಾದ ಹಗ್ಗ ಹಗುರ, ಹರಿಯುವುದು ಸಲೀಸು. ಲೆಕ್ಕದಲ್ಲಿ ಹೇಳುವುದಾದರೆ, ಒಂದು ಲೀಟರ್ ಎಣ್ಣೆಗೆ ಸುಮಾರು 200 ಮಿಲಿಲೀಟರ್ ಮೆಥನಾಲ್, ಕೆಲವೇ ಗ್ರಾಂ ಕಾಸ್ಟಿಕ್ ಸೋಡಾ. 60 ಡಿಗ್ರಿ ಒಳಗಿನ ಬಿಸಿಯಲ್ಲಿ ಒಂದು ತಾಸು ಕಲಕಿ ರಾತ್ರಿಯಿಡೀ ಬಿಟ್ಟರೆ ಕಂದು ಬಣ್ಣದ ಗ್ಲಿಸರಿನ್ ತಳಕ್ಕೆ ಇಳಿಯುತ್ತದೆ, ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ಅದನ್ನು ನೀರಿನಲ್ಲಿ ತೊಳೆದು, ಪಸೆ ಆರಿಸಿ ಬಳಸಬೇಕು. ಎಣ್ಣೆಯಲ್ಲಿ ನೀರಿದ್ದರೆ, ಅಥವಾ ಬೀಜ ಹಳತಾಗಿ ಎಣ್ಣೆಯಲ್ಲಿ ಆಮ್ಲ ಜಾಸ್ತಿ ಇದ್ದರೆ, ಸಿಗುವುದು ಸಾಬೂನು! ಹೊಂಗೆಯಲ್ಲಿ ಈ ಕಾಟ ಹೆಚ್ಚು.

ಸುಮ್ನೆ ಅಡುಗೆಮನೆಯಲ್ಲಿ ಮಾಡಿ ನೋಡೋಣ ಅನ್ನಬೇಡಿ. ಮೆಥನಾಲ್ ವಿಷ, ಹೊಟ್ಟೆಗೆ ಹೋದರೆ ಕಣ್ಣು ಹೋಗುತ್ತದೆ. ಹಗಲಲ್ಲಿ ಅದರ ಉರಿ ಕಣ್ಣಿಗೆ ಬೀಳುವುದೂ ಕಷ್ಟ.

ಬರೀ ಎಣ್ಣೆಯಲ್ಲೇ ಎಂಜಿನ್ ಓಡಿಸಲು ಹೋದ ಕಾಕಾರಿಗೂ ಒಂದು ಆಧಾರ ಇದೆ ಅನ್ನಿ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ ಒಂದನ್ನು ಶೇಂಗಾ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು. ಆದರೆ ಆಗಿನ ಎಂಜಿನ್‌ಗಳಲ್ಲಿ ಒತ್ತಿದ ಗಾಳಿಯೇ ಇಂಧನವನ್ನು ಒಳಗೆ ಊದುತ್ತಿತ್ತು. ಈಗಿನ ನಾಝಲ್ ಅಷ್ಟು ಸೈರಣೆಯದಲ್ಲ.

ಎಂಜಿನ್ನನ್ನೇ ಬದಲಿಸುವವರು ಎರಡು ಟಾಕಿ ಕೂರಿಸುತ್ತಾರೆ. ಡೀಸೆಲ್‌ನಲ್ಲಿ ಚಾಲೂ ಮಾಡಿ, ಎಂಜಿನ್ ಕಾದ ಮೇಲೆ ಅದೇ ಬಿಸಿಯಲ್ಲಿ ಕಾಯಿಸಿದ ಎಣ್ಣೆಗೆ ಹೊರಳುವುದು. ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್ ಓಡಿಸಿ ಪೈಪು, ನಾಝಲ್ ತೊಳೆಯುವುದು. ಕಾಕಾ ತಪ್ಪಿದ್ದು ಇಲ್ಲೇ. ಬಯೋಡೀಸೆಲ್‌ಗೆ ಇಷ್ಟೆಲ್ಲ ಬೇಡ. ಆದರೆ ಅದು ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ಟಾಕಿಯ ಹಳೇ ಗಸಿಯನ್ನೆಲ್ಲ ಎಬ್ಬಿಸಿ ಫಿಲ್ಟರ್ ಕಟ್ಟಿಸುತ್ತದೆ.

ಮುಧೋಳದ ಕಡೆ ಕಾರ್ಖಾನೆಗಳು ಕಬ್ಬಿನ ಕಾಕಂಬಿಯಿಂದ ತೆಗೆಯುವ ಎಥನಾಲ್ ಬೇರೆ, ಅದು ಪೆಟ್ರೋಲ್‌ಗೆ ಸೇರುವಂಥದ್ದು.

ಇನ್ನು ಬೆಳೆ. ವಿಜಯಪುರದ ಎರೆ ಹೊಲದ ಕುಸುಬಿ ಎಣ್ಣೆಯಿಂದಲೂ ಬಯೋಡೀಸೆಲ್ ಆಗುತ್ತದೆ. ಆದರೆ ಒಗ್ಗರಣೆ ಎಣ್ಣೆಯನ್ನು ಎಂಜಿನ್‌ಗೆ ಯಾರು ಸುರಿಯುತ್ತಾರೆ? ಹೊಂಗೆಗೆ ಆ ಗೊಡವೆ ಇಲ್ಲ. ತಿನ್ನುವ ಎಣ್ಣೆ ಅಲ್ಲ, ಒಡ್ಡಿನ ಮೇಲೆ ಬೆಳೆಯುತ್ತದೆ. ಗಾಣಕ್ಕೆ 100 ಕಿಲೋ ಬೀಜ ಹಾಕಿದರೆ ಸುಮಾರು 25 ಕಿಲೋ ಎಣ್ಣೆ, ಉಳಿದದ್ದು ಹಿಂಡಿ. ಕಾಕಾ ಈಗ ಎಣ್ಣೆ ತರುವುದನ್ನು ಬಿಟ್ಟಿದ್ದಾರೆ. ಹಿಂಡಿ ಮಾತ್ರ ತರುತ್ತಾರೆ, ಕಬ್ಬಿನ ಗೊಬ್ಬರಕ್ಕೆ.