ಹಳೆಯ ಗ್ರಾಫಿಕ್ಸ್ ಕಾರ್ಡ್, ಓಪನ್ ಆಗದ ಗೇಮ್: ಫೀಚರ್ ಲೆವೆಲ್ ಟಿಪ್ಪಣಿ

ಗೇಮ್ ಇನ್‌ಸ್ಟಾಲ್ ಆಗಿರುತ್ತದೆ. ಐಕಾನ್ ಒತ್ತಿದರೆ ಒಂದು ಸಣ್ಣ ಬಾಕ್ಸ್ ಬರುತ್ತದೆ, ಓಕೆ ಒತ್ತಿದ ಕೂಡಲೇ ಎಲ್ಲಾ ಮುಚ್ಚಿಹೋಗುತ್ತದೆ. ಆ ಬಾಕ್ಸ್ ಏನು ಹೇಳುತ್ತಿದೆ ಅಂತ ಅರ್ಥ ಮಾಡಿಕೊಳ್ಳಲು ಬರೆದ ಟಿಪ್ಪಣಿ ಇದು. ಡೈರೆಕ್ಟ್‌ಎಕ್ಸ್ ಅಂದರೆ ಗೇಮ್ ಮತ್ತು ಗ್ರಾಫಿಕ್ಸ್ ಕಾರ್ಡ್ ನಡುವೆ ಮಾತು ನಡೆಸುವ ವಿಂಡೋಸ್‌ನ ಭಾಗ. ಅದರಲ್ಲಿ ಯಾವ ಹಂತದ ತನಕ ಕಾರ್ಡಿಗೆ ಬರುತ್ತದೆ ಅನ್ನುವ ಅಂಕಿಯೇ ಫೀಚರ್ ಲೆವೆಲ್. ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ. ಡ್ರೈವರ್ ಇನ್‌ಸ್ಟಾಲ್ ಮಾಡುವುದು ಎಲ್ಲರಿಗೂ ಗೊತ್ತಿರುತ್ತದೆ, ಹಾಗಾಗಿ ಅದನ್ನು ಇಲ್ಲಿ ವಿವರಿಸಿಲ್ಲ.

ಎರರ್ ಅನ್ನು ಪೂರ್ತಿ ಓದಿ

ಬಾಕ್ಸ್‌ನಲ್ಲಿ ಡಿಎಲ್ಎಲ್ ಫೈಲ್‌ನ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್ ಫೈಲ್) ಹೆಸರಿದ್ದರೆ ಸಮಾಧಾನ ಪಡಿ. ಡಿ3ಡಿಎಕ್ಸ್9_43 ಸಿಗುತ್ತಿಲ್ಲ ಅಂತ ಬಂದರೆ ಕಾರ್ಡ್‌ಗೂ ಅದಕ್ಕೂ ಸಂಬಂಧ ಇಲ್ಲ. ಹಳೆಯ ಗೇಮ್‌ಗಳಿಗೆ ಬೇಕಾಗುವ ಆ ಫೈಲ್ ವಿಂಡೋಸ್ ಜೊತೆಗೆ ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ರನ್‌ಟೈಮ್ (ಪ್ರೋಗ್ರಾಂ ಓಡಲು ಬೇಕಾದ ಫೈಲ್‌ಗಳ ಕಟ್ಟು) ಹಾಕಿದರೆ ಬರುತ್ತದೆ. ಎಂಎಸ್‌ವಿಸಿಪಿ140 ಅಂತ ಇದ್ದರೆ ವಿಷುಯಲ್ ಸಿ++ ರನ್‌ಟೈಮ್ ಹಾಕಬೇಕು. ಒಂದೊಂದೇ ಡಿಎಲ್ಎಲ್ ಕೊಡುವ ಸೈಟ್‌ಗಳಿಂದ ಮಾತ್ರ ಏನನ್ನೂ ಇಳಿಸಿಕೊಳ್ಳಬೇಡಿ.

ಅನ್‌ರಿಯಲ್ ಎಂಜಿನ್ 4 ಅನ್ನುವ ಗೇಮ್ ಕಟ್ಟುವ ಸಾಫ್ಟ್‌ವೇರ್‌ನಿಂದ ಮಾಡಿದ ಗೇಮ್‌ಗಳಲ್ಲಿ ಬರುವ ಎರರ್ ಬೇರೆ ಥರದ್ದು. ಡಿ3ಡಿ11ಗೆ (ಡೈರೆಕ್ಟ್‌ಎಕ್ಸ್ 11ರ 3ಡಿ ಭಾಗ) ಹೊಂದುವ ಜಿಪಿಯು (ಗ್ರಾಫಿಕ್ಸ್ ಚಿಪ್) ಬೇಕು, ಫೀಚರ್ ಲೆವೆಲ್ 11.0, ಶೇಡರ್ ಮಾಡೆಲ್ (ಬಣ್ಣ-ಬೆಳಕು ಲೆಕ್ಕ ಹಾಕುವ ಕೋಡ್‌ನ ಮಟ್ಟ) 5.0 ಇರಬೇಕು ಅಂತ ಅದರಲ್ಲಿ ಇರುತ್ತದೆ. ಇದು ನೇರವಾಗಿ ಕಾರ್ಡ್ ಬಗ್ಗೆಯೇ ಹೇಳುವ ಮಾತು. ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಡೈರೆಕ್ಟ್‌ಎಕ್ಸ್ 12 ಇದೆ ಅಂತ ತೋರಿಸುತ್ತಿದೆಯಲ್ಲ, ಮತ್ತೆ ಯಾಕೆ ಓಡುತ್ತಿಲ್ಲ?

ಈ ಭಾಗಕ್ಕೆ ಬೇಕೆಂದೇ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲಾ ಸಲೀಸು.

ವಿಂಡೋಸ್ ಕೀ ಜೊತೆ ಆರ್ ಒತ್ತಿ, ಡಿಎಕ್ಸ್‌ಡಯಾಗ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ಮೊದಲು ತೆರೆಯುವುದು ಸಿಸ್ಟಮ್ ಟ್ಯಾಬ್. ಅದರ ಕೊನೆಯ ಸಾಲಿನಲ್ಲಿ ಡೈರೆಕ್ಟ್‌ಎಕ್ಸ್ 12 ಅಂತ ಇರುತ್ತದೆ. ಗೇಮ್ ಕೇಳಿದ್ದು 11 ಅಥವಾ 12, ನಮ್ಮಲ್ಲಿ 12 ಇದೆ, ಅಲ್ವಾ? ಹಾಗಂತ ಗೇಮನ್ನೇ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗುತ್ತೇವೆ.

ಆ 12 ಕಾರ್ಡಿನದ್ದಲ್ಲ, ವಿಂಡೋಸ್‌ನದ್ದು. 2015ರಲ್ಲಿ ವಿಂಡೋಸ್ 10 ಬಂದಾಗಲೇ ಡೈರೆಕ್ಟ್‌ಎಕ್ಸ್ 12 ಅದರೊಳಗೆ ಸೇರಿಕೊಂಡು ಬಂತು. ಒಳಗೆ ಯಾವ ಕಾರ್ಡ್ ಇದ್ದರೂ ಆ ಸಾಲಿನಲ್ಲಿ 12 ಅಂತಲೇ ಬರುತ್ತದೆ. ಮನೆಯ ಕಪಾಟಿನಲ್ಲಿ ಹನ್ನೆರಡನೇ ತರಗತಿಯ ಪುಸ್ತಕ ಇದ್ದ ಮಾತ್ರಕ್ಕೆ ಮನೆಯ ಮಗು ಹನ್ನೆರಡನೇ ತರಗತಿ ಅಂತ ಹೇಳಲು ಆಗುವುದಿಲ್ಲವಲ್ಲ, ಹಾಗೆ.

ಕಾರ್ಡ್ ಎಷ್ಟನೇ ತರಗತಿ ಅಂತ ತಿಳಿಯಬೇಕಾದರೆ ಡಿಸ್‌ಪ್ಲೇ ಟ್ಯಾಬ್‌ಗೆ ಹೋಗಿ. ಬಲಗಡೆ ಡ್ರೈವರ್ಸ್ ಅನ್ನುವ ಚೌಕದಲ್ಲಿ ಫೀಚರ್ ಲೆವೆಲ್ಸ್ ಅನ್ನುವ ಸಾಲಿದೆ. ಅಲ್ಲಿ 11_0, 10_1, 10_0, 9_3 ಹೀಗೆ ಸಾಲಾಗಿ ಅಂಕಿಗಳಿರುತ್ತವೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದೇ ನಿಮ್ಮ ಕಾರ್ಡಿನ ಮಿತಿ. ಸಾಮಾನ್ಯವಾಗಿ ಮೊದಲನೆಯದೇ ದೊಡ್ಡದಾಗಿರುತ್ತದೆ.

ಇಷ್ಟೊಂದು ಅಂಕಿ ಯಾಕೆ? 2009ರಲ್ಲಿ ಡೈರೆಕ್ಟ್‌ಎಕ್ಸ್ 11 ಬಂದಾಗ, ಹಳೆಯ ಕಾರ್ಡ್‌ಗಳೂ ಅದೇ ರನ್‌ಟೈಮ್ ಬಳಸಲಿ ಅಂತ ಮೈಕ್ರೋಸಾಫ್ಟ್ ಈ ವ್ಯವಸ್ಥೆ ಮಾಡಿತು. ಗೇಮ್ ಶುರುವಾಗುವಾಗ ಕಾರ್ಡನ್ನು ಕೇಳುತ್ತದೆ: ನಿನಗೆ ಯಾವ ಲೆವೆಲ್ ತನಕ ಬರುತ್ತದೆ? ಉತ್ತರ ಗೇಮ್‌ಗೆ ಸಾಲದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ಲೆವೆಲ್ ಅನ್ನುವುದು ಚಿಪ್‌ನ ಒಳಗಿನ ಸರ್ಕ್ಯೂಟ್‌ಗೆ ಸೇರಿದ್ದು. ಉದಾಹರಣೆಗೆ ಟೆಸಲೇಷನ್ (ಆಕಾರಗಳನ್ನು ಇನ್ನೂ ಚಿಕ್ಕ ತುಂಡುಗಳಾಗಿ ಒಡೆಯುವುದು) ಮಾಡುವ ಭಾಗ 10_0 ಚಿಪ್‌ನಲ್ಲಿ ಇರಲೇಬೇಕೆಂಬ ನಿಯಮವಿಲ್ಲ, 11_0ಕ್ಕೆ ಅದು ಕಡ್ಡಾಯ. ಚಿಪ್‌ನಲ್ಲಿ ಇಲ್ಲದ್ದನ್ನು ಯಾವ ಡೌನ್‌ಲೋಡ್ ಕೂಡ ತಂದುಕೊಡುವುದಿಲ್ಲ.

ಯಾವ ಕಾರ್ಡ್ ಎಲ್ಲಿ ನಿಲ್ಲುತ್ತದೆ ಅಂತ ನಾನು ಬರೆದಿಟ್ಟುಕೊಂಡಿದ್ದು ಹೀಗಿದೆ. ಜಿಫೋರ್ಸ್ 8 ಮತ್ತು 9 ಸರಣಿ 10_0. ಇಂಟೆಲ್ ಎಚ್‌ಡಿ 3000 ಇರುವುದು 10_1. ಇಂಟೆಲ್ ಎಚ್‌ಡಿ 4000, ರೇಡಿಯಾನ್ ಎಚ್‌ಡಿ 5000 ಸರಣಿ, ಜಿಟಿಎಕ್ಸ್ 400ರಿಂದ 700ರ ತನಕದ ಕಾರ್ಡ್‌ಗಳು 11_0. ರೇಡಿಯಾನ್ ಎಚ್‌ಡಿ 7970 ಒಂದು ಮೆಟ್ಟಿಲು ಮೇಲೆ, 11_1. ಜಿಟಿಎಕ್ಸ್ 900 ಸರಣಿ 12_1.

ಈಗ ಇನ್ನೊಂದು ಸೂಕ್ಷ್ಮ. ಎಚ್‌ಡಿ 4000 ಮತ್ತು ಜಿಟಿಎಕ್ಸ್ 680 ಎರಡೂ 11_0. ಆದರೂ ಡೈರೆಕ್ಟ್‌ಎಕ್ಸ್ 12 ಬಳಸುವ ಒಂದು ಗೇಮ್ 680ರಲ್ಲಿ ಶುರುವಾಗಬಹುದು, ಎಚ್‌ಡಿ 4000ದಲ್ಲಿ ಆಗುವುದಿಲ್ಲ. ಡೈರೆಕ್ಟ್‌ಎಕ್ಸ್ 12ಕ್ಕೆ ಕನಿಷ್ಠ 11_0 ಸಾಕು, ಆದರೆ ಡ್ರೈವರ್ ಕೂಡ ಆ ಭಾಷೆ ಮಾತಾಡಬೇಕು. ಎನ್‌ವಿಡಿಯಾ 680ಕ್ಕೆ ಅಂಥ ಡ್ರೈವರ್ ಕೊಟ್ಟಿತು. ಇಂಟೆಲ್ ಎಚ್‌ಡಿ 4000ಕ್ಕೆ ವಿಂಡೋಸ್‌ನಲ್ಲಿ ಕೊಡಲಿಲ್ಲ. ಇದನ್ನು ನೋಡಲು ಅದೇ ಚೌಕದಲ್ಲಿ ಡೈರೆಕ್ಟ್3ಡಿ ಡಿಡಿಐ ಅನ್ನುವ ಸಾಲಿದೆ. ಅಲ್ಲಿ 12 ಇದ್ದರೆ ಡ್ರೈವರ್ ತಯಾರಿದೆ ಅಂತ ಅರ್ಥ. ಹಾಗಾಗಿ ಮೂರು ಅಂಕಿ ಬೇರೆ ಬೇರೆ ಇಟ್ಟುಕೊಳ್ಳಿ: ಸಿಸ್ಟಮ್ ಟ್ಯಾಬ್‌ನದ್ದು ವಿಂಡೋಸ್‌ಗೆ, ಡಿಡಿಐ ಡ್ರೈವರ್‌ಗೆ, ಫೀಚರ್ ಲೆವೆಲ್ ಚಿಪ್‌ಗೆ. ಮೊದಲನೆಯದನ್ನು ಮರೆತರೂ ನಡೆಯುತ್ತದೆ.

ಅದೇ ಟ್ಯಾಬ್‌ನ ಮೆಮೊರಿ ಲೆಕ್ಕವನ್ನೂ ಹುಷಾರಾಗಿ ಓದಿ. ಟೋಟಲ್ ಅಂತ ಇರುವುದರಲ್ಲಿ ಕಂಪ್ಯೂಟರಿನ ರ‍್ಯಾಮ್‌ನಿಂದ ಹಂಚಿಕೊಂಡ ಪಾಲೂ ಸೇರಿರುತ್ತದೆ. ಕಾರ್ಡಿನದೇ ಮೆಮೊರಿ ವಿರ‍್ಯಾಮ್ ಅಂತ ಬರೆದಿರುವ ಸಾಲು.

ಹೆಸರನ್ನು ನಂಬಬೇಡಿ

ಜಿಟಿ 730 ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್ ಮಾರಾಟವಾಗಿವೆ. ಒಂದರಲ್ಲಿ ಫರ್ಮಿ ಪೀಳಿಗೆಯ ಚಿಪ್, 96 ಕೋರ್, ಮೆಮೊರಿ ದಾರಿಯ ಅಗಲ 128 ಬಿಟ್. ಇನ್ನೊಂದರಲ್ಲಿ ಕೆಪ್ಲರ್, 384 ಕೋರ್, 64 ಬಿಟ್. ಫೀಚರ್ ಲೆವೆಲ್ ಎರಡಕ್ಕೂ 11_0. ಆದರೆ ಫರ್ಮಿಗೆ ವಲ್ಕನ್ (ಡೈರೆಕ್ಟ್‌ಎಕ್ಸ್ ಥರದ್ದೇ ಇನ್ನೊಂದು ಗ್ರಾಫಿಕ್ಸ್ ವ್ಯವಸ್ಥೆ) ಇಲ್ಲವೇ ಇಲ್ಲ, ಕೆಪ್ಲರ್‌ಗೆ ಇದೆ. ಫರ್ಮಿಯ ಕೊನೆಯ ಡ್ರೈವರ್ 391.35, 2018ರದ್ದು. ಕೆಪ್ಲರ್‌ಗೆ ಅದಾದ ಮೇಲೂ ಡ್ರೈವರ್ ಬಂದಿದೆ. ಒಬ್ಬರ ಜಿಟಿ 730ಯಲ್ಲಿ ಓಡಿದ ಗೇಮ್ ಇನ್ನೊಬ್ಬರದ್ದರಲ್ಲಿ ಓಡದಿದ್ದರೆ ಆಶ್ಚರ್ಯ ಬೇಡ. ಜಿಪಿಯು-ಝಡ್ ಅನ್ನುವ ಚಿಕ್ಕ ಪ್ರೋಗ್ರಾಂ ತೆರೆದರೆ ಮೇಲಿನ ಸಾಲುಗಳಲ್ಲೇ ಚಿಪ್ ಹೆಸರು ಇರುತ್ತದೆ. ಜಿಎಫ್108 ಅಂದರೆ ಫರ್ಮಿ, ಜಿಕೆ208 ಅಂದರೆ ಕೆಪ್ಲರ್.

ಡಿಸ್‌ಪ್ಲೇ ಟ್ಯಾಬ್‌ನಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಂತ ಕಂಡರೆ ಕಾರ್ಡಿನ ಡ್ರೈವರೇ ಕೂತಿಲ್ಲ. ಆಗ ಅಲ್ಲಿರುವ ಲೆವೆಲ್ ಕೂಡ ನಂಬುವ ಹಾಗಿಲ್ಲ, ಯಾಕೆಂದರೆ ಚಿತ್ರ ಬಿಡಿಸುತ್ತಿರುವುದು ಪ್ರೊಸೆಸರ್. ಡ್ರೈವರ್ ಹಾಕಿ, ರೀಸ್ಟಾರ್ಟ್ ಮಾಡಿ, ಮತ್ತೆ ನೋಡಿ. ಕಾರ್ಡ್ ಯಾರದ್ದು ಅಂತಲೇ ಗೊತ್ತಾಗದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ. 10ಡಿಇ ಎನ್‌ವಿಡಿಯಾ, 1002 ಎಎಂಡಿ, 8086 ಇಂಟೆಲ್.

ಲ್ಯಾಪ್‌ಟಾಪ್‌ನಲ್ಲಿ ಎರಡು ಜಿಪಿಯು ಇದ್ದರೆ ಗೇಮ್ ಸುಮ್ನೆ ಚಿಕ್ಕದನ್ನೇ ಹಿಡಿದು ಕೂತಿರಬಹುದು. ಸೆಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಆ ಗೇಮ್‌ಗೆ ಹೈ ಪರ್ಫಾರ್ಮೆನ್ಸ್ ಕೊಡಿ.

ಲೆವೆಲ್ ಸಾಲದಿದ್ದರೆ ದಾರಿ ಇದೆಯಾ?

ಕೆಲವು ಸಲ ಇದೆ. ಗೇಮ್ ಒಳಗೆ ಹಳೆಯ ರೆಂಡರರ್ (ಚಿತ್ರ ಬಿಡಿಸುವ ಭಾಗ) ಕೂಡ ಇಟ್ಟಿದ್ದರೆ ಲಾಂಚ್ ಆಪ್ಷನ್‌ನಿಂದ (ಗೇಮ್ ಶುರು ಮಾಡುವಾಗ ಸೇರಿಸುವ ಪದ) ಅದನ್ನು ಎಬ್ಬಿಸಬಹುದು. ಅನ್‌ರಿಯಲ್ ಗೇಮ್‌ಗಳಿಗೆ -ಡಿಎಕ್ಸ್11, ಯೂನಿಟಿ ಗೇಮ್‌ಗಳಿಗೆ -ಫೋರ್ಸ್-ಡಿ3ಡಿ11. ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಗೇಮ್ ಬರೀ 12ಕ್ಕೇ ಮಾಡಿದ್ದಾದರೆ ಇದರಿಂದ ಏನೂ ಆಗುವುದಿಲ್ಲ.

ಡಿಎಕ್ಸ್‌ವಿಕೆ ಹಾಕಿ ಅಂತ ಎಲ್ಲೆಡೆ ಹೇಳುತ್ತಾರೆ. ಅದು ಡೈರೆಕ್ಟ್‌ಎಕ್ಸ್ ಮಾತನ್ನು ವಲ್ಕನ್‌ಗೆ ತಿರುಗಿಸುತ್ತದೆ. 2.0 ಆವೃತ್ತಿಯಿಂದ ಅದಕ್ಕೆ ವಲ್ಕನ್ 1.3 ಬೇಕು. 10_0 ಕಾರ್ಡ್‌ಗೆ ವಲ್ಕನ್ನೇ ಇಲ್ಲದಿರುವಾಗ ಅದರಿಂದ ಉಪಯೋಗವಿಲ್ಲ. ಹೊಸ ಕಾರ್ಡ್‌ನಲ್ಲಿ ಹಳೆಯ ಗೇಮ್ ಆಡುವವರಿಗೆ ಅದು ನಿಜಕ್ಕೂ ಒಳ್ಳೆಯದು. ನಮ್ಮ ಸಮಸ್ಯೆ ಉಲ್ಟಾ ದಿಕ್ಕಿನದು.

ಡಿಎಕ್ಸ್‌ಸಿಪಿಎಲ್ ಅನ್ನುವ ಟೂಲ್‌ನಲ್ಲಿ ಫೋರ್ಸ್ ವಾರ್ಪ್ ಟಿಕ್ ಮಾಡಿದರೆ ಗೇಮ್ ಓಪನ್ ಆಗುತ್ತದೆ ಅನ್ನುವ ವಿಡಿಯೋಗಳೂ ಇವೆ. ಓಪನ್ ಆಗುವುದು ನಿಜ. ವಾರ್ಪ್ ಅಂದರೆ ಮೈಕ್ರೋಸಾಫ್ಟ್‌ನ ಸಾಫ್ಟ್‌ವೇರ್ ರೆಂಡರರ್. ಕಾರ್ಡನ್ನು ಪಕ್ಕಕ್ಕಿಟ್ಟು ಎಲ್ಲಾ ಚಿತ್ರವನ್ನೂ ಪ್ರೊಸೆಸರ್ ಕೈಯಲ್ಲೇ ಬಿಡಿಸುತ್ತದೆ. 3ಡಿ ಗೇಮ್ ಆದರೆ ಮೆನು ದಾಟಿದ ಮೇಲೆ ಒಂದೊಂದೇ ಚಿತ್ರ ನಿಧಾನವಾಗಿ ಬದಲಾಗುವುದನ್ನು ನೋಡಬೇಕು. ಆದರೂ ಒಂದು ಪರೀಕ್ಷೆಗೆ ಇದು ತುಂಬಾ ಉಪಯುಕ್ತ: ವಾರ್ಪ್‌ನಲ್ಲಿ ಗೇಮ್ ಶುರುವಾಯಿತು ಅಂದರೆ ಫೈಲ್‌ಗಳೆಲ್ಲಾ ಸರಿ ಇವೆ, ಕೊರತೆ ಕಾರ್ಡ್ ಅಥವಾ ಅದರ ಡ್ರೈವರ್‌ನಲ್ಲಿ ಇದೆ.

ಲೆವೆಲ್ ಸರಿ ಇದೆ, ಡ್ರೈವರ್ ಸರಿ ಇದೆ, ಯಾವ ಬಾಕ್ಸ್ ಕೂಡ ಬಾರದೆ ಗೇಮ್ ಮಾಯವಾಗುತ್ತದೆ ಅಂದರೆ ಹೊಸ ಕಾರ್ಡ್ ಕೊಳ್ಳುವ ಮೊದಲು ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅಪ್ಲಿಕೇಷನ್ ಒಳಗೆ ಗೇಮ್ ಹೆಸರಿನ ಎರರ್ ಹುಡುಕಿ. ಎಕ್ಸೆಪ್ಷನ್ ಕೋಡ್ ಸಿ000001ಡಿ ಅಂತ ಕೊನೆಯಾಗಿದ್ದರೆ, ಪ್ರೊಸೆಸರ್‌ಗೆ ಗೊತ್ತಿಲ್ಲದ ಆದೇಶ ಸಿಕ್ಕಿದೆ ಅಂತ ಅರ್ಥ. ಗೇಮ್ ಎವಿಎಕ್ಸ್ ಅಥವಾ ಎಸ್‌ಎಸ್‌ಇ 4.1 ಅನ್ನುವ ಪ್ರೊಸೆಸರ್ ಆದೇಶಗಳ ಗುಂಪನ್ನು ಬಳಸುತ್ತಿದ್ದು, ಪ್ರೊಸೆಸರ್ ಅದಕ್ಕಿಂತ ಹಳೆಯದಾದಾಗ ಹೀಗಾಗುತ್ತದೆ. ಸಿಪಿಯು-ಝಡ್ ಅನ್ನುವ ಪ್ರೋಗ್ರಾಂನಲ್ಲಿ ಇನ್‌ಸ್ಟ್ರಕ್ಷನ್ಸ್ ಅನ್ನುವ ಸಾಲು ನೋಡಿದರೆ ಖಾತ್ರಿಯಾಗುತ್ತದೆ. ಆಗ ಎಷ್ಟು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಆ ಗೇಮ್ ಆ ಕಂಪ್ಯೂಟರ್‌ನಲ್ಲಿ ಓಪನ್ ಆಗುವುದಿಲ್ಲ.